ಇಂಜಿನ್ ಕೆಲಸ ಮುಗಿದರೂ ಅಂಬಾಸಿಡರ್ ನಡುಗ್ತೈತಾ? ಕಾರ್ಬೋರೇಟರ್ ತಿರುವೋ ಮುಂಚೆ ಇಷ್ಟು ನೋಡ್ರಿ

ಕೊಪ್ಪಳ: ಮದುವೆ ಸೀಸನ್ ಬಂದರೆ ಜಿಲ್ಲೆಯ ಊರುಗಳಲ್ಲಿ ತಾಡಪತ್ರಿ ಹೊದ್ದು ನಿಂತ ಹಳೇ ಕಾರುಗಳು ಶೆಡ್‌ನಿಂದ ಹೊರಗೆ ಬರುತ್ತವೆ. ಅಪ್ಪ ಓಡಿಸಿದ ಬಿಳಿ ಅಂಬಾಸಿಡರ್, ಕಾಕಾ ತಂದಿಟ್ಟ ಪ್ರೀಮಿಯರ್ ಪದ್ಮಿನಿ, ಹೊಲಕ್ಕೆ ಓಡಾಡಿದ ಪೆಟ್ರೋಲ್ ಜೀಪ್. ಮಾರಿದರೆ ಗುಜರಿ ರೇಟು, ಇಟ್ಟುಕೊಂಡರೆ ಮನೆತನದ ನೆನಪು. ಹಾಗಾಗಿ ಒಂದು ದಿನ ಯಾರೋ ಒಬ್ಬರು ಗಟ್ಟಿ ಮನಸ್ಸು ಮಾಡಿ ಇಂಜಿನ್ ಕೆಲಸ ಮಾಡಿಸುತ್ತಾರೆ. ತಲೆನೋವು ಶುರುವಾಗುವುದು ಆಮೇಲೆ.

ಯಲಬುರ್ಗಾದ ಒಬ್ಬ ಕಿರಾಣಿ ಅಂಗಡಿ ಮಾಲೀಕರು ಅಂತ ಇಟ್ಟುಕೊಳ್ಳಿ. ಮಗಳ ಮದುವೆಗೆ ಅಪ್ಪನ ಅಂಬಾಸಿಡರ್‌ನಲ್ಲೇ ಮದುಮಗಳನ್ನು ಕಳಿಸಬೇಕು ಅಂತ ಆಸೆ. ಇಂಜಿನ್ ಇಳಿಸಿ, ಬ್ಲಾಕನ್ನು ಹುಬ್ಬಳ್ಳಿಗೆ ಕಳಿಸಿ ಬೋರ್ ಹಾಕಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್, ವಾಲ್ ಗ್ರೈಂಡಿಂಗ್ ಎಲ್ಲಾ ಆಯಿತು. ಗಾಡಿ ಸ್ಟಾರ್ಟ್ ಆಗುತ್ತೆ, ರೋಡಿನಲ್ಲಿ ಚೆನ್ನಾಗೇ ಓಡುತ್ತೆ. ಆದರೆ ಬಸ್ ಸ್ಟ್ಯಾಂಡ್ ಮುಂದೆ ನಿಲ್ಲಿಸಿದರೆ ಸಾಕು, ಬಾನೆಟ್ ಗಡಗಡ, ಸ್ಟೇರಿಂಗ್ ಪಕ್ಕದ ಗೇರ್ ಲಿವರ್ ನಡುಕ, ಎರಡು ನಿಮಿಷಕ್ಕೆ ಇಂಜಿನ್ ಬಂದ್. ಮಿಸ್ತ್ರಿ ಹೇಳೋದು: "ಹೊಸಾ ಇಂಜಿನ್ ಐತ್ರಿ ಸಾವ್ಕಾರ್ರ, ರನ್ನಿಂಗ್ ಆದ ಮ್ಯಾಲೆ ಸರಿ ಹೋಕ್ಕೈತಿ." ಪಕ್ಕದ ಅಂಗಡಿಯವರು ಹೇಳೋದು: "ಬೋರೇ ಸರಿ ಹಾಕಿಲ್ಲ, ಮತ್ತ ಇಳಿಸಾಕ ಹಚ್ಚರಿ." ಒಬ್ಬರು ಕಾಯಿರಿ ಅಂತಾರೆ, ಇನ್ನೊಬ್ಬರು ಮತ್ತೆ ಖರ್ಚು ಮಾಡ್ರಿ ಅಂತಾರೆ. ನಡುವೆ ಲಗ್ನಪತ್ರಿಕೆ ಪ್ರಿಂಟ್ ಆಗಿಬಿಟ್ಟಿರುತ್ತೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗೋದು ಕಾರ್ಬೋರೇಟರ್ ಸ್ಕ್ರೂಗೆ. ಅದು ಕಣ್ಣಿಗೆ ಕಾಣುವ ಜಾಗ, ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಆದರೆ ಕಾರ್ಬೋರೇಟರ್‌ಗೆ ಕೈ ಹಾಕಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ವಾಲ್, ಆಮೇಲೆ ಕಿಡಿ, ಆಮೇಲೆ ಗಾಳಿ ಸೋರಿಕೆ, ಕೊನೆಗೆ ಪೆಟ್ರೋಲ್. ಈ ಕ್ರಮ ತಪ್ಪಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತೆ ಆಗುತ್ತೆ, ಇಂಜಿನ್ ಮತ್ತೆ ಇಳಿಸೋ ಪಾಳಿ ಬರುತ್ತೆ.

ನಿಂತಾಗ ಮಾತ್ರ ಯಾಕೆ ನಡುಗೋದು?

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಲುವೆ ತುಂಬಿ ಹರಿಯುವಾಗ ದಂಡೆಯಲ್ಲಿ ಒಂದು ಏಡಿ ಬಿಲ ಇದ್ದರೂ ಯಾರಿಗೂ ಗೊತ್ತಾಗಲ್ಲ. ಅದೇ ಹೊಲಗಾಲುವೆಯಲ್ಲಿ ಬೆರಳು ಗಾತ್ರ ನೀರು ಬರುವಾಗ ಆ ಬಿಲವೇ ಅರ್ಧ ನೀರು ಕುಡಿದುಬಿಡುತ್ತೆ, ಕೊನೆ ಭಾಗದ ರೈತನಿಗೆ ಬರೀ ಕೆಸರು.

ಇಂಜಿನ್ ಕಥೆಯೂ ಅದೇ. ಗಾಡಿ ಓಡುವಾಗ ಥ್ರಾಟಲ್ ತೆರೆದಿರುತ್ತೆ, ಒಳಗೆ ಹೋಗುವ ಗಾಳಿ ಮತ್ತು ಪೆಟ್ರೋಲ್ ಜಾಸ್ತಿ. ಸಣ್ಣ ಸೋರಿಕೆ, ಸ್ವಲ್ಪ ಬಲಹೀನ ಕಿಡಿ ಎಲ್ಲಾ ಮುಚ್ಚಿ ಹೋಗುತ್ತೆ. ಆಕ್ಸಿಲರೇಟರ್ ಬಿಟ್ಟಾಗ, ಅಂದರೆ ಐಡ್ಲಿಂಗ್‌ನಲ್ಲಿ, ಥ್ರಾಟಲ್ ಬಹುತೇಕ ಮುಚ್ಚಿರುತ್ತೆ. ಇಂಜಿನ್ ಒಳಗಿಂದ ಜೋರಾಗಿ ಎಳೆಯುತ್ತೆ, ಬರೋದು ಮಾತ್ರ ಸ್ವಲ್ಪ. ಆಗ ಎಲ್ಲಿಂದಲೋ ಕಳ್ಳಗಾಳಿ ನುಸುಳಿದರೆ ಮಿಶ್ರಣ ಕೆಡುತ್ತೆ, ಒಂದು ಸಿಲಿಂಡರ್ ಕೈ ಕೊಡುತ್ತೆ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಸತ್ತರೆ ಕಾಲು ಭಾಗ ಶಕ್ತಿ ಹೋದಂತೆ. ನಡುಗದೇ ಇನ್ನೇನು ಮಾಡುತ್ತೆ?

ಹೊಸ ಇಂಜಿನ್ ಸ್ಟಾರ್ಟ್ ಆದ ಮೊದಲ 20 ನಿಮಿಷ

ಇದನ್ನು ಮೊದಲೇ ಹೇಳಬೇಕು, ಯಾಕಂದರೆ ನಿಜವಾದ ಹಾನಿ ಆಗೋದು ಇಲ್ಲೇ. ಇಂಜಿನ್ ಕೂರಿಸಿ ಮೊದಲ ಸಲ ಸ್ಟಾರ್ಟ್ ಮಾಡಿದ ತಕ್ಷಣ ಗ್ಯಾರೇಜ್‌ನಲ್ಲಿ ಎಲ್ಲರೂ ಸುತ್ತ ನಿಂತು ಸ್ಲೋ ಸ್ಪೀಡ್ ಸೆಟ್ ಮಾಡಲು ಶುರು ಮಾಡುತ್ತಾರೆ. ಅರ್ಧ ಗಂಟೆ ಹಾಗೇ ಕುಟುಕುಟು ಓಡಿಸುತ್ತಾರೆ. ಇದು ತಪ್ಪು.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್. ಇದರ ಕ್ಯಾಮ್ ಶಾಫ್ಟ್ ಬ್ಲಾಕ್ ಒಳಗೆ ಇರುತ್ತೆ, ಅದರ ಉಬ್ಬುಗಳು ಚಪ್ಪಟೆ ತಳದ ಟ್ಯಾಪೆಟ್‌ಗೆ ಉಜ್ಜುತ್ತಾ ತಿರುಗುತ್ತವೆ. ಅಲ್ಲಿಗೆ ಎಣ್ಣೆ ಸಿಗೋದು ಬಹುತೇಕ ಕ್ರ್ಯಾಂಕ್ ತಿರುಗುವಾಗ ಚಿಮ್ಮುವ ಎಣ್ಣೆಯಿಂದ. ನಿಧಾನ ತಿರುಗಿದರೆ ಚಿಮ್ಮೋದು ಕಮ್ಮಿ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ್ದರೆ ಮೊದಲ 20 ನಿಮಿಷ ಸುಮಾರು 2000 ಆರ್‌ಪಿಎಂ ಆಸುಪಾಸಿನಲ್ಲಿ, ಸ್ವಲ್ಪ ಏರಿಳಿಸುತ್ತಾ ಓಡಿಸಬೇಕು. ರೇಡಿಯೇಟರ್ ನೀರು, ಆಯಿಲ್ ಪ್ರೆಶರ್ ಮೇಲೆ ಕಣ್ಣಿರಲಿ. ಹಾಗೆ ಮಾಡದಿದ್ದರೆ ಉಬ್ಬು ಸವೆದು ವಾಲ್ ಪೂರ್ತಿ ತೆರೆಯಲ್ಲ, ಆಗ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ. ರಿಂಗ್ ಕೂಡ ಹಾಗೇ. ಲೋಡ್ ಬಿದ್ದು ಓಡಿದರೆ ಬೋರ್‌ಗೆ ಕಚ್ಚಿಕೊಂಡು ಕೂರುತ್ತೆ, ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದರೆ ಬೋರ್ ಮೇಲ್ಮೈ ಗಾಜಿನಂತೆ ನುಣುಪಾಗಿ ಆಯಿಲ್ ತಿನ್ನೋಕೆ ಶುರು ಮಾಡುತ್ತೆ.

ಮಿಸ್ತ್ರಿ "ರನ್ನಿಂಗ್ ಆದ ಮ್ಯಾಲೆ ಸರಿ ಹೋಕ್ಕೈತಿ" ಅನ್ನೋದರಲ್ಲಿ ಅರ್ಧ ಸತ್ಯ ಇದೆ. ಹೊಸದಾಗಿ ಕಟ್ಟಿದ ಇಂಜಿನ್ ಬಿಗಿ ಇರುತ್ತೆ, ಮೊದಲ ಕೆಲವು ನೂರು ಕಿ.ಮೀ. ಐಡ್ಲಿಂಗ್ ಸ್ವಲ್ಪ ಮೇಲೇ ಇಟ್ಟುಕೊಳ್ಳೋದು ಸರಿ. ಆದರೆ ಬಿಗಿಯಾದ ಇಂಜಿನ್ ನಾಲ್ಕೂ ಸಿಲಿಂಡರ್‌ನಲ್ಲಿ ಒಂದೇ ಸಮ ಬಿಗಿ ಇರುತ್ತೆ. ಲಯಬದ್ಧವಾಗಿ "ಟಕ್... ಟಕ್... ಟಕ್" ಅಂತ ಒಂದು ಕಡೆ ತಪ್ಪುತ್ತಿದ್ದರೆ ಅದು ರನ್ನಿಂಗ್‌ನಿಂದ ಹೋಗಲ್ಲ.

ಯಾವ ಸಿಲಿಂಡರ್ ಅಂತ ಮೊದಲು ಹಿಡೀರಿ

ಗಾಡಿ ಬಿಸಿ ಆಗಲಿ. ಐಡ್ಲಿಂಗ್‌ನಲ್ಲಿ ಇಟ್ಟು, ರಬ್ಬರ್ ಹಿಡಿಕೆ ಇರುವ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡಬೇಕು. ಕಿತ್ತಾಗ ಇಂಜಿನ್ ಇನ್ನೂ ಕೆಟ್ಟದಾಗಿ ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ. ಕಿತ್ತರೂ ಏನೂ ಫರಕ್ ಆಗದಿದ್ದರೆ ಅದೇ ಕಳ್ಳ. ಇದು ಸಿಬಿ ಪಾಯಿಂಟ್ ಇರುವ ಹಳೇ ಗಾಡಿಗೆ ಮಾತ್ರ, ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಹೀಗೆ ಕೀಳಬಾರದು. ಇನ್ನೊಂದು ಮಾತು: ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾನೆಟ್ ಒಳಗೆ ಬಗ್ಗಬೇಡಿ. ಅಂಬಾಸಿಡರ್ ಫ್ಯಾನ್ ಬೆಲ್ಟ್‌ಗೆ ಅಂಟಿಕೊಂಡು ಸದಾ ತಿರುಗುತ್ತಿರುತ್ತೆ, ಟವೆಲ್ ತುದಿ ಸಿಕ್ಕರೆ ಕತ್ತನ್ನೂ ಎಳೆಯುತ್ತೆ.

ಈಗ ಅಂಬಾಸಿಡರ್ ಇಂಜಿನ್‌ನ ಒಂದು ವಿಶೇಷ ತಿಳಿದುಕೊಳ್ಳಬೇಕು. ಇದರ ಹೆಡ್‌ನಲ್ಲಿ ಗಾಳಿ ಒಳಗೆ ಹೋಗುವ ದಾರಿ ನಾಲ್ಕಿಲ್ಲ, ಎರಡೇ. ಒಂದನೇ ಮತ್ತು ಎರಡನೇ ಸಿಲಿಂಡರ್‌ಗೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಸೇರಿ ಇನ್ನೊಂದು. ಹೊಗೆ ಹೊರಗೆ ಹೋಗುವ ದಾರಿ ಮೂರು, ನಡುವಿನದು ಎರಡು ಮತ್ತು ಮೂರಕ್ಕೆ ಜಂಟಿ. ಹಾಗಾಗಿ 1 ಮತ್ತು 2 ಎರಡೂ ದುರ್ಬಲ ಅನಿಸಿದರೆ, ಅಥವಾ 3 ಮತ್ತು 4 ಎರಡೂ, ಆ ಜಂಟಿ ದಾರಿಯಲ್ಲಿ ಗಾಳಿ ಸೋರುತ್ತಿದೆ ಅನ್ನೋದು ಮೊದಲ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್‌ನಲ್ಲಿ ಕಂಪ್ರೆಷನ್ನೇ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಆ ಎರಡರ ನಡುವೆ ಹೋಗಿದೆ. ಒಂದೇ ಸಿಲಿಂಡರ್ ಅಂದರೆ ಪ್ಲಗ್, ವೈರ್, ಇಲ್ಲಾ ಅದರ ವಾಲ್. ಐದು ನಿಮಿಷದ ಈ ಪರೀಕ್ಷೆ ಮಾಡದೇ ಇಂಜಿನ್ ಇಳಿಸೋದು, ಯಾವ ಹಲ್ಲು ಅಂತ ಕೇಳದೇ ಎಲ್ಲಾ ಹಲ್ಲು ಕಿತ್ತಂತೆ.

ಪ್ಲಗ್ ಬಿಚ್ಚಿದಾಗ ಅದರ ತುದಿಯ ಬಣ್ಣವನ್ನೂ ನೋಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಜಿಡ್ಡು ಹಸಿ ಇದ್ದರೆ ಆಯಿಲ್ ಮೇಲೆ ಬರುತ್ತಿದೆ. ಬೂದಿಯಂಥ ಬಿಳಿ ಇದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಸಾಲ್ತಿಲ್ಲ. ತೆಳು ಕಂದು ಇದ್ದರೆ ಆರೋಗ್ಯ.

ಟ್ಯಾಪೆಟ್: ಒಂಬತ್ತರ ಲೆಕ್ಕ

ಇಂಜಿನ್ ಕೆಲಸ ಆದ ಗಾಡಿಯಲ್ಲಿ ಟ್ಯಾಪೆಟ್ ಬಿಗಿ ಇರೋದು ಬಹಳ ಸಾಮಾನ್ಯ. ಕಟಕಟ ಶಬ್ದ ಬರಬಾರದು ಅಂತ ಮಾಲೀಕರು ಹೇಳುತ್ತಾರೆ, ಹುಡುಗರು ಗ್ಯಾಪ್ ಕಮ್ಮಿ ಮಾಡಿ ಕೊಡುತ್ತಾರೆ. ಶಬ್ದ ಹೋಗುತ್ತೆ. ಆದರೆ ಇಂಜಿನ್ ಬಿಸಿ ಆದಾಗ ವಾಲ್ ಉದ್ದ ಆಗುತ್ತೆ, ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಅಲ್ಲಿಂದಲೇ ಸೋರುತ್ತೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿ ಆದ ಮೇಲೆ ನಡುಕ ಶುರುವಾಗುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದೇ. ಹಾಗೇ ಓಡಿಸಿದರೆ ಎಗ್ಜಾಸ್ಟ್ ವಾಲ್ ಸುಟ್ಟು ಹೋಗುತ್ತೆ. ಸ್ವಲ್ಪ ಟಿಕ್‌ಟಿಕ್ ಇರುವ ಟ್ಯಾಪೆಟ್ಟೇ ಒಳ್ಳೇದು.

ಸೆಟ್ ಮಾಡೋಕೆ ಒಂದು ಸುಲಭ ಲೆಕ್ಕ ಇದೆ. ರೇಡಿಯೇಟರ್ ಕಡೆಯಿಂದ ವಾಲ್‌ಗಳನ್ನು 1ರಿಂದ 8ರವರೆಗೆ ಎಣಿಸಿ. ಇಂಜಿನ್ ಕೈಯಿಂದ ತಿರುಗಿಸುತ್ತಾ ಯಾವ ವಾಲ್ ಪೂರ್ತಿ ಕೆಳಗೆ ಒತ್ತಿದೆಯೋ ಆ ನಂಬರನ್ನು 9ರಿಂದ ಕಳೆಯಿರಿ. ಬಂದ ನಂಬರಿನ ವಾಲ್ ಸೆಟ್ ಮಾಡಿ. 8 ಒತ್ತಿದ್ದರೆ 1, 6 ಒತ್ತಿದ್ದರೆ 3, 4 ಒತ್ತಿದ್ದರೆ 5. ಸಾಮಾನ್ಯವಾಗಿ ಅಂಬಾಸಿಡರ್ ಪೆಟ್ರೋಲ್‌ಗೆ ಫಿಲ್ಲರ್ ಗೇಜ್‌ನಲ್ಲಿ 15 ನಂಬರ್ ಪಟ್ಟಿ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ. ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಗೇಜ್ ಇಲ್ಲದೇ ಹೆಬ್ಬೆರಳಲ್ಲಿ ಅಲ್ಲಾಡಿಸಿ "ಸರಿ ಐತ್ರಿ" ಅನ್ನೋ ಮಿಸ್ತ್ರಿಗೆ ಎಷ್ಟೇ ಅನುಭವ ಇದ್ದರೂ, ಎಂಟು ವಾಲ್ ಒಂದೇ ಸಮ ಬರೋದು ಕಷ್ಟ.

ಇದಕ್ಕೆ ಇನ್ನೊಂದು ಹಿನ್ನೆಲೆ ಇದೆ. ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಹಳೇ ಹೆಡ್‌ಗಳ ಎಗ್ಜಾಸ್ಟ್ ವಾಲ್ ಸೀಟಿಗೆ ಆ ಸೀಸವೇ ಒಂದು ರೀತಿ ಲೇಪ ಆಗಿತ್ತು. ಅದಿಲ್ಲದೇ ಮೆತ್ತನೆ ಸೀಟು ಸವೆದು ವಾಲ್ ಒಳಗೆ ಇಳಿಯುತ್ತೆ, ಟ್ಯಾಪೆಟ್ ಗ್ಯಾಪ್ ತಾನಾಗೇ ಕಮ್ಮಿ ಆಗುತ್ತಾ ಹೋಗುತ್ತೆ. ಹೆಡ್ ಲೇತ್‌ಗೆ ಹೋದಾಗಲೇ ಗಟ್ಟಿ ಸೀಟ್ ರಿಂಗ್ ಹಾಕಿಸಿದ್ದೀರಾ ಅಂತ ಕೇಳಿ. ಹಾಕಿಸಿಲ್ಲ ಅಂದರೆ ಟ್ಯಾಪೆಟ್ ಆಗಾಗ ನೋಡುತ್ತಿರಬೇಕು.

ಡೆಲ್ಕೊ ಮತ್ತು ಕಿಡಿ

ಪ್ಲಗ್ ವೈರ್ ಅದಲು ಬದಲಾದ ಉದಾಹರಣೆ ಗ್ಯಾರೇಜ್‌ಗಳಲ್ಲಿ ಕಮ್ಮಿ ಇಲ್ಲ. ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪ್ ಮೂರಕ್ಕೂ ಫೈರಿಂಗ್ ಆರ್ಡರ್ 1-3-4-2. ಎರಡು ವೈರ್ ಅದಲು ಬದಲಾದರೆ ಗಾಡಿ ಎರಡು ಸಿಲಿಂಡರ್‌ನಲ್ಲಿ ಪಟಪಟ ಅಂತ ಓಡುತ್ತೆ, ಸೈಲೆನ್ಸರ್‌ನಲ್ಲಿ ಢಂ ಅನ್ನುತ್ತೆ.

ನಮ್ಮ ಕಡೆ ಡೆಲ್ಕೊ ಅಂತ ಕರೆಯುವ ಡಿಸ್ಟ್ರಿಬ್ಯೂಟರ್ ಒಳಗೆ ಸಿಬಿ ಪಾಯಿಂಟ್ ಇರುತ್ತೆ. ಲೂಕಾಸ್ ಡೆಲ್ಕೊಗೆ ಗ್ಯಾಪ್ ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ. ಪಾಯಿಂಟ್ ಬೇಗ ಬೇಗ ಸುಟ್ಟು ಗುಳಿ ಬೀಳುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಇಂಜಿನ್‌ಗೆ ಸಾಕಷ್ಟು ದುಡ್ಡು ಹಾಕಿದವರು ಹಳೇ ಡೆಲ್ಕೊವನ್ನೇ ಮತ್ತೆ ಕೂರಿಸಿರುತ್ತಾರೆ. ಅದರ ಶಾಫ್ಟ್ ಹಿಡಿದು ಅಡ್ಡ ಅಲ್ಲಾಡಿಸಿ ನೋಡಿ. ಆಟ ಇದ್ದರೆ ನಾಲ್ಕು ಸಿಲಿಂಡರ್‌ಗೆ ನಾಲ್ಕು ಬೇರೆ ಬೇರೆ ಹೊತ್ತಿಗೆ ಕಿಡಿ ಬೀಳುತ್ತೆ, ಟೈಮಿಂಗ್ ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲಲ್ಲ. ಬುಷ್ ಹಾಕಿಸೋದು ಲೇತ್‌ನ ಸಣ್ಣ ಕೆಲಸ.

ಕಳ್ಳಗಾಳಿ

ಯಲಬುರ್ಗಾದ ನಮ್ಮ ಸಾವ್ಕಾರರ ಗಾಡಿಗೆ ಮರಳೋಣ. ಟ್ಯಾಪೆಟ್ ಸರಿ, ಕಿಡಿ ಸರಿ. ಪ್ಲಗ್ ವೈರ್ ಕಿತ್ತು ನೋಡಿದರೆ 3 ಮತ್ತು 4 ಎರಡೂ ಸೊರಗಿವೆ, ಪ್ಲಗ್ ಬಿಳಿ. ರೋಡಿನಲ್ಲಿ ಮಾತ್ರ ಚೆನ್ನಾಗಿದೆ. ಹೇಳಿಕೇಳಿ ಗಾಳಿ ಸೋರಿಕೆಯ ಲಕ್ಷಣ.

ಇಂಜಿನ್ ಕೆಲಸ ಆದ ಮೇಲೆಯೇ ಇದು ಯಾಕೆ ಬರುತ್ತೆ? ಈ ಇಂಜಿನ್‌ನಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡ್ ಮತ್ತು ಎಗ್ಜಾಸ್ಟ್ ಮ್ಯಾನಿಫೋಲ್ಡ್ ಹೆಡ್‌ನ ಒಂದೇ ಬದಿಗೆ, ಅಕ್ಕಪಕ್ಕದಲ್ಲೇ ಕೂರುತ್ತವೆ. ವರ್ಷಗಟ್ಟಲೆ ಬಿಸಿ ತಿಂದ ಎಗ್ಜಾಸ್ಟ್ ಬೀಡು ಸ್ವಲ್ಪ ಬಾಗಿರುತ್ತೆ. ಹೆಡ್ ಒಂದನ್ನೇ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸುತ್ತಾರೆ, ಮ್ಯಾನಿಫೋಲ್ಡ್ ಮಾತ್ರ ಗ್ಯಾರೇಜ್ ಮೂಲೆಯಲ್ಲೇ ಬಿದ್ದಿರುತ್ತೆ. ವಾಪಸ್ ಬಿಗಿದಾಗ ಒಂದು ಕಡೆ ಗ್ಯಾಸ್ಕೆಟ್ ಒತ್ತುತ್ತೆ, ಇನ್ನೊಂದು ಕಡೆ ಕೂದಲೆಳೆ ಸಂದು. ಕೆಲವರು ಹಳೇ ಗ್ಯಾಸ್ಕೆಟ್ಟನ್ನೇ ಪೇಸ್ಟ್ ಹಚ್ಚಿ ಮತ್ತೆ ಹಾಕುತ್ತಾರೆ. ಹೊಸ ಇಂಜಿನ್‌ಗೆ ಹಳೇ ಪ್ಯಾಕಿಂಗ್ ಹಾಕೋದು ಉಳಿತಾಯ ಅಲ್ಲ.

ಹಿಡಿಯೋದು ಹೇಗೆ? ಹಲವು ಕಡೆ ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ದಯವಿಟ್ಟು ಬೇಡ, ಕೆಂಪಗೆ ಕಾದ ಎಗ್ಜಾಸ್ಟ್ ಪಕ್ಕದಲ್ಲೇ ಇದೆ. ಅಂಗಡಿಯಲ್ಲಿ ಗಾಜು ಒರೆಸೋಕೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿಸಿ, ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಇನ್‌ಲೆಟ್ ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಅಂಚಿಗೆ ಸ್ವಲ್ಪ ಸ್ವಲ್ಪ ಹೊಡೆಯಿರಿ. ಕೆಂಪು ಬಿಸಿ ಬೀಡಿಗೆ ಸುರಿಯಬೇಡಿ, ಸೀಳು ಬಿಡಬಹುದು. ಸೋರುವ ಜಾಗಕ್ಕೆ ನೀರು ತಾಗಿದ ತಕ್ಷಣ ಇಂಜಿನ್ ಶಬ್ದ ಬದಲಾಗುತ್ತೆ. ಆಮೇಲೆ ಕಾರ್ಬೋರೇಟರ್ ಕೆಳಗಿನ ಗ್ಯಾಸ್ಕೆಟ್, ಡೆಲ್ಕೊಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್, ಕೊನೆಗೆ ಥ್ರಾಟಲ್ ಸ್ಪಿಂಡಲ್‌ನ ಎರಡು ತುದಿ. ಹಳೇ ಎಸ್‌ಯು ಕಾರ್ಬೋರೇಟರ್‌ನಲ್ಲಿ ಸ್ಪಿಂಡಲ್ ತೂತು ಅಂಡಾಕಾರಕ್ಕೆ ಸವೆದಿರುತ್ತೆ. ಅದು ಸವೆದಿದ್ದರೆ ಐಡ್ಲಿಂಗ್ ಒಂದು ಸಲ 600, ಇನ್ನೊಂದು ಸಲ 1100. ಸ್ಕ್ರೂ ತಿರುಗಿಸಿ ಸಾಕಾಗುತ್ತೆ ಹೊರತು ನಿಲ್ಲಲ್ಲ. ಹೊಸ ಸ್ಪಿಂಡಲ್, ಕಿಟ್ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬೇಕು.

ವ್ಯಾಕ್ಯೂಮ್ ಗೇಜ್ ಇರುವ ಗ್ಯಾರೇಜ್ ಸಿಕ್ಕರೆ ಇನ್ನೂ ಸುಲಭ. ಸಮುದ್ರ ಮಟ್ಟದ ಊರಲ್ಲಿ ಒಳ್ಳೇ ಇಂಜಿನ್ 17ರಿಂದ 21 ಇಂಚು ತೋರಿಸುತ್ತೆ. ಕೊಪ್ಪಳ ಸುಮಾರು 500 ಮೀಟರ್ ಎತ್ತರದಲ್ಲಿ ಇರೋದರಿಂದ ಇಲ್ಲಿ ಒಂದೂವರೆ ಇಂಚಿನಷ್ಟು ಕಮ್ಮಿ ಬರೋದು ಸಹಜ, ಅದಕ್ಕೆ ಹೆದರಬೇಕಿಲ್ಲ. ಮುಳ್ಳು ಕೆಳಗೆ ನಿಂತು ಅಲುಗಾಡದಿದ್ದರೆ ಗಾಳಿ ಸೋರಿಕೆ ಅಥವಾ ತಡವಾದ ಟೈಮಿಂಗ್. ಒಂದೇ ಲಯದಲ್ಲಿ ಟಪ್ ಟಪ್ ಅಂತ ಬೀಳುತ್ತಿದ್ದರೆ ಯಾವುದೋ ಒಂದು ವಾಲ್.

ಎಮಿಷನ್ ಚೀಟಿಯೇ ಡಾಕ್ಟರ್ ರಿಪೋರ್ಟ್

ಇದು ಬಹಳ ಜನ ಗಮನಿಸಲ್ಲ. ಹೊಗೆ ತಪಾಸಣೆ ಕೇಂದ್ರದಲ್ಲಿ ಪೆಟ್ರೋಲ್ ಗಾಡಿಯ ಪರೀಕ್ಷೆ ಮಾಡೋದು ಐಡ್ಲಿಂಗ್‌ನಲ್ಲೇ. ಹಳೇ ಕಾರುಗಳಿಗೆ, ಅಂದರೆ ಭಾರತ್ ಸ್ಟೇಜ್-2ಕ್ಕಿಂತ ಮುಂಚಿನವಕ್ಕೆ, ಮಿತಿ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸುವಾಗ ಇದು ಬೇಕೇ ಬೇಕು. ನಡುಗುವ ಗಾಡಿ ಅಲ್ಲಿ ಪಾಸ್ ಆಗೋದು ಕಷ್ಟ.

ಫೇಲ್ ಆದರೂ ಆ ಎರಡು ಅಂಕಿ ಬರೆದುಕೊಂಡು ಬನ್ನಿ. ಸಿಒ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಂದರೆ ಕಾರ್ಬೋರೇಟರ್. ಸಿಒ ಕಮ್ಮಿ ಇದ್ದು ಎಚ್‌ಸಿ ಮಾತ್ರ ವಿಪರೀತ ಇದ್ದರೆ ಪೆಟ್ರೋಲ್ ಸುಡದೇ ಹಾಗೇ ಹೊರಗೆ ಬರುತ್ತಿದೆ. ಕಿಡಿ ತಪ್ಪುತ್ತಿದೆ, ಇಲ್ಲಾ ಗಾಳಿ ಸೋರಿ ಮಿಶ್ರಣ ತೆಳುವಾಗಿದೆ. ಇಂಜಿನ್ ಇಳಿಸೋ ಖರ್ಚಿನ ಮುಂದೆ ಈ ಟೆಸ್ಟಿನ ಫೀ ಯಾವ ಲೆಕ್ಕ?

ಈಗ ಕಾರ್ಬೋರೇಟರ್

ಎಲ್ಲಾ ನೋಡಿ ಆದ ಮೇಲೆ ಇಲ್ಲಿಗೆ ಬನ್ನಿ. ಎಸ್‌ಯು ಕಾರ್ಬೋರೇಟರ್ ಬದಿಯಲ್ಲಿ ಪಿಸ್ಟನ್ ಎತ್ತುವ ಒಂದು ಪಿನ್ ಇರುತ್ತೆ. ಐಡ್ಲಿಂಗ್‌ನಲ್ಲಿ ಅದನ್ನು ಒಂದು ಮಿಲಿಮೀಟರ್‌ಗಿಂತ ಕಮ್ಮಿ ಎತ್ತಿ. ಇಂಜಿನ್ ಕ್ಷಣ ಏರಿ ಮತ್ತೆ ತನ್ನ ಲಯಕ್ಕೆ ಬಂದರೆ ಮಿಶ್ರಣ ಸರಿ. ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಕೆಳಗಿನ ಜೆಟ್ ನಟ್ ಮೇಲಕ್ಕೆ ಏರಿಸಿ. ಕುಸಿದು ಬಂದ್ ಆದರೆ ಪೆಟ್ರೋಲ್ ಸಾಲ್ತಿಲ್ಲ, ಕೆಳಗೆ ಇಳಿಸಿ. ಒಂದು ಸಲಕ್ಕೆ ನಟ್ಟಿನ ಒಂದು ಮಗ್ಗುಲು ಮಾತ್ರ ತಿರುಗಿಸಿ, ಮತ್ತೆ ಪರೀಕ್ಷೆ ಮಾಡಿ.

ಪದ್ಮಿನಿಯ ಸೋಲೆಕ್ಸ್ ಬೇರೆ ಥರ. ಕಾಲು ಇಟ್ಟರೆ ಓಡುತ್ತೆ, ಬಿಟ್ಟರೆ ಬಂದ್ ಅಂದರೆ ಬಹುತೇಕ ಐಡ್ಲಿಂಗ್ ಜೆಟ್ ಕಟ್ಟಿದೆ. ಬಿಚ್ಚಿ ಗಾಳಿ ಹೊಡೆಯಿರಿ, ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಹೊಸ ಜೆಟ್ಟೇ ಗತಿ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತಂದು ಅಲ್ಲಿಂದ ಶುರು ಮಾಡಿ.

ಇಲ್ಲಿ ಪೆಟ್ರೋಲ್ ಬಂಕಿನ ಮಾತೂ ಬರುತ್ತೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು, ಈಗ ಎಲ್ಲೆಡೆ ಅದೇ. ಒಂದು ಕೆ.ಜಿ. ಬರೀ ಪೆಟ್ರೋಲ್ ಸುಡೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಬೆರಕೆಗೆ ಸುಮಾರು 13.5. ಅಂದರೆ ಬರೀ ಪೆಟ್ರೋಲ್‌ಗೆ ಅಂತ 1970-80ರ ದಶಕದಲ್ಲಿ ಮಾಡಿದ ಕಾರ್ಬೋರೇಟರ್ ಹಳೇ ಸೆಟ್ಟಿಂಗ್‌ನಲ್ಲೇ ಇದ್ದರೆ ಮಿಶ್ರಣ ತೆಳುವಾಗುತ್ತೆ. ಹೊಸ ಗಾಡಿಯ ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತೆ, ಅಂಬಾಸಿಡರ್‌ಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಜೆಟ್ ನಟ್ ಒಂದೆರಡು ಮಗ್ಗುಲು ಇಳಿಸಬೇಕಾಗಿ ಬರುತ್ತೆ. ಎಥೆನಾಲ್ ಹಳೇ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮೆತ್ತಗೆ ಮಾಡುತ್ತೆ, ಗಾಳಿಯಲ್ಲಿನ ನೀರು ಹೀರುತ್ತೆ. ವರ್ಷಕ್ಕೆರಡು ಸಲ ಮಾತ್ರ ಹೊರಗೆ ತೆಗೆಯುವ ಗಾಡಿಯ ಟ್ಯಾಂಕ್ ತಳದಲ್ಲಿ ನೀರು ನಿಂತು, ಅದೇ ಮೊದಲು ಕಾರ್ಬೋರೇಟರ್‌ಗೆ ಬರುತ್ತೆ. ಎಥೆನಾಲ್ ಮಾಡೋಕೆ ಮೆಕ್ಕೆಜೋಳ, ಅಕ್ಕಿ ನುಚ್ಚು ಬಳಸುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆ ರೈತ ಬೆಳೆಯೋದು ಮೆಕ್ಕೆಜೋಳ, ಗಂಗಾವತಿ ಮಿಲ್‌ಗಳಲ್ಲಿ ಬೀಳೋದು ನುಚ್ಚು. ನಮ್ಮ ಬೆಳೆಯೇ ನಮ್ಮ ಹಳೇ ಕಾರಿನ ಡಯಾಫ್ರಾಮ್ ತಿನ್ನುತ್ತಿರಲೂಬಹುದು.

ಏಪ್ರಿಲ್-ಮೇ ಬಿಸಿಲಲ್ಲಿ ಮಾತ್ರ ಕಾಣಿಸಿಕೊಳ್ಳುವ ನಡುಕ ಬೇರೆ. ಟ್ರಾಫಿಕ್‌ನಲ್ಲಿ ನಿಂತಾಗ ಪೈಪ್ ಒಳಗೇ ಪೆಟ್ರೋಲ್ ಆವಿ ಆಗುತ್ತೆ. ಬಾನೆಟ್ ತೆರೆದು ತಣ್ಣಗಾದ ಮೇಲೆ ಸರಿ ಹೋದರೆ ಅದೇ. ಪೆಟ್ರೋಲ್ ಪೈಪ್ ಎಗ್ಜಾಸ್ಟ್‌ನಿಂದ ದೂರ ಸರಿಸಿ ಕಟ್ಟಿಸಿ.

ಮತ್ತೆ ಇಳಿಸೋದು ಯಾವಾಗ?

ಕಂಪ್ರೆಷನ್ ಗೇಜ್ ಹೇಳಿದಾಗ ಮಾತ್ರ. ಇಂಜಿನ್ ಬಿಸಿ ಇರುವಾಗ ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದೇ ಸಿಲಿಂಡರ್ ಅಳೆಯಬೇಕು. ನಾಲ್ಕರ ನಡುವೆ ಶೇ. 10ಕ್ಕಿಂತ ಜಾಸ್ತಿ ಫರಕ್ ಇದ್ದರೆ ಕಮ್ಮಿ ಇದ್ದುದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ ಅಥವಾ ಹೆಡ್ ಗ್ಯಾಸ್ಕೆಟ್. ವಾಲ್ ಅಂದರೆ ಹೆಡ್ ಮಾತ್ರ ಇಳಿಸಿದರೆ ಸಾಕು, ಪೂರ್ತಿ ಇಂಜಿನ್ ಅಲ್ಲ. ನಾಲ್ಕೂ ಸಮವಾಗಿ ಕಮ್ಮಿ ಇದ್ದು ಗಾಡಿ ಎಳೆಯೋದೇ ಇಲ್ಲ ಅಂದರೆ ಟೈಮಿಂಗ್ ಚೈನ್ ಒಂದು ಹಲ್ಲು ಹಿಂದೆಮುಂದೆ ಕೂತಿರಬಹುದು. ಅದಕ್ಕೆ ಮುಂದಿನ ಕವರ್ ಬಿಚ್ಚಿ ಎರಡು ಗೇರಿನ ಗುರುತು ಎದುರುಬದರು ಇವೆಯಾ ನೋಡಬೇಕು.

ಗ್ಯಾರೇಜ್ ಜೊತೆ ಜಗಳ ಬರೋದು ಈ ಹಂತದಲ್ಲೇ. ಬಾಯಿ ಮಾತಿಗಿಂತ ನಾಲ್ಕು ಸಿಲಿಂಡರ್‌ನ ಅಂಕಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಲೇತ್ ಬಿಲ್, ಸ್ಪೇರ್ ಬಿಲ್ ಇಟ್ಟುಕೊಳ್ಳಿ. ಒಳ್ಳೇ ಮಿಸ್ತ್ರಿಗೆ ಇದರಿಂದ ಬೇಸರ ಆಗಲ್ಲ, ಅವರನ್ನು ಉಳಿಸೋದೂ ಅದೇ ಚೀಟಿ. ಬಗೆಹರಿಯದೇ ಹೋದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಫೀ ಇಲ್ಲ. ಬಿಲ್ ಇಲ್ಲದೇ ಅಲ್ಲಿ ಹೋಗಿ ಪ್ರಯೋಜನ ಇಲ್ಲ.

ಡೀಸೆಲ್ ಅಂಬಾಸಿಡರ್ ಇಟ್ಟವರಿಗೆ ಮೇಲಿನ ಕಿಡಿ, ಕಾರ್ಬೋರೇಟರ್ ಯಾವುದೂ ಅನ್ವಯಿಸಲ್ಲ. ಅಲ್ಲಿ ಮೊದಲು ಡೀಸೆಲ್ ಲೈನ್‌ನಲ್ಲಿ ಗಾಳಿ ಸಿಕ್ಕಿದೆಯಾ ನೋಡಿ, ಆಮೇಲೆ ಇಂಜೆಕ್ಟರ್. ವಿಲ್ಲಿಸ್ ಪೆಟ್ರೋಲ್ ಇಂಜಿನ್‌ನ ಹಳೇ ಜೀಪ್‌ನಲ್ಲಿ ಇನ್‌ಲೆಟ್ ವಾಲ್ ಹೆಡ್‌ನಲ್ಲಿ, ಎಗ್ಜಾಸ್ಟ್ ವಾಲ್ ಬ್ಲಾಕ್‌ನಲ್ಲಿ ಇರುತ್ತೆ. ಮೇಲಿನ ಕವರ್ ತೆಗೆದು ನಾಲ್ಕು ಟ್ಯಾಪೆಟ್ ಸೆಟ್ ಮಾಡಿ, ಬದಿಯ ಕವರ್ ಒಳಗಿನ ನಾಲ್ಕನ್ನು ಮರೆಯೋದು ಸಾಮಾನ್ಯ.

ನಮ್ಮ ಸಾವ್ಕಾರರ ಗಾಡಿಗೆ ಬೇಕಾದ್ದು ಮ್ಯಾನಿಫೋಲ್ಡ್ ಫೇಸಿಂಗ್ ಮತ್ತು ಒಂದು ಹೊಸ ಗ್ಯಾಸ್ಕೆಟ್, ಒಂದು ದಿನದ ಕೆಲಸ. ಅದಾದ ಮೇಲೆ ಸುಮಾರು 500 ಕಿ.ಮೀ. ಓಡಿದಾಗ ಇಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ, ನಡುವಿನಿಂದ ಹೊರಗಿನ ಕಡೆಗೆ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಮತ್ತೊಮ್ಮೆ ಬಿಗಿಯಬೇಕು, ಆಯಿಲ್ ಬದಲಿಸಬೇಕು. ಹೆಡ್ ಬಿಗಿದಾಗ ಗ್ಯಾಸ್ಕೆಟ್ ಕೂತು ಟ್ಯಾಪೆಟ್ ಗ್ಯಾಪ್ ಕಮ್ಮಿ ಆಗುತ್ತೆ, ಹಾಗಾಗಿ ಅದೇ ದಿನ ಒಂಬತ್ತರ ಲೆಕ್ಕದಲ್ಲಿ ಎಂಟೂ ವಾಲ್ ಮತ್ತೆ ಸೆಟ್ ಮಾಡಿಸಿಯೇ ಗಾಡಿ ಗ್ಯಾರೇಜ್‌ನಿಂದ ಹೊರಗೆ ತರಬೇಕು.